ಹರಕೆ ಹುಂಜದ ಕುತ್ತಿಗೆಯ ಗರಿ

ಭದ್ರಾವತಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಚೌಡಯ್ಯ ಫಿಟ್ಟರ್ ಆಗಿದ್ದ. ಕೂದಲೆಳೆಯಷ್ಟು ಏರುಪೇರಿದ್ದರೂ ಬೆರಳ ತುದಿಯಲ್ಲೇ ಕಂಡುಹಿಡಿಯುತ್ತಾನೆ ಎಂದು ಅವನಿಗೆ ಹೆಸರಿತ್ತು. ಮಾತು ಕಡಿಮೆ. ಭಾನುವಾರ ಬಂತೆಂದರೆ ಗಾಳ ಹಿಡಿದು ಭದ್ರಾ ಹೊಳೆಯ ದಂಡೆ ಸೇರುತ್ತಿದ್ದ. ಎರೆಹುಳ ಸಿಕ್ಕಿಸಿ, ನೀರು ನೋಡುತ್ತ ಕೂತನೆಂದರೆ ಹೆಂಡತಿ ನಂಜಮ್ಮ ಮಾಡಿಟ್ಟ ಸಾರು ಎರಡು ಸಲ ಆರಬೇಕು.

ತೊಂಬತ್ತೈದನೆಯ ಇಸವಿಯ ಅಂಥದೇ ಒಂದು ಭಾನುವಾರ ನರಸಿಂಹಮೂರ್ತಿಗಳು ಆ ದಂಡೆಯ ಮೇಲೆ ಸಿಕ್ಕಿದರು. ಕಾಫಿ ತೋಟದಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮನೆ ಮಾಡಿದ್ದವರು. ಅವರ ಗಾಳದ ತುದಿಯಲ್ಲಿ ಎರೆಹುಳ ಇರಲಿಲ್ಲ. ಕೋಳಿಯ ಗರಿಯಿಂದ ಮಾಡಿದ, ನೊಣದಂತೆ ಕಾಣುವ ಒಂದು ಸಣ್ಣ ಹುಳವಿತ್ತು. ಅದು ನೀರಿನ ಮೇಲೆ ಕೂತಿತೋ ಇಲ್ಲವೋ, ಮೀನು ಹಾರಿ ಕಚ್ಚಿತು. ಮೂರ್ತಿಗಳು ಮೀನನ್ನು ಬಿಡಿಸಿ ಮತ್ತೆ ಹೊಳೆಗೇ ಬಿಟ್ಟರು.

"ಯಾಕೆ ಸಾರ್ ಬಿಟ್ರಿ?"

"ನಾವು ತಿನ್ನಲ್ಲವಲ್ಲ ಮಾರಾಯ."

"ತಿನ್ನದ ಮೀನಿಗೆ ಇಷ್ಟೊಂದು ಸಿಂಗಾರವಾ?"

ಮೂರ್ತಿಗಳು ನಕ್ಕರು. ಚೌಡಯ್ಯನ ಕಣ್ಣು ಆ ಹುಳದ ಮೇಲೇ ನೆಟ್ಟಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕೊಕ್ಕೆಯ ಮೇಲೆ ಮೈ, ಬಾಲ, ರೆಕ್ಕೆ ಎಲ್ಲವೂ ಇದ್ದವು. ಟೂಲ್‌ರೂಮಿನಲ್ಲಿ ಇಪ್ಪತ್ತು ವರ್ಷ ದುಡಿದಿದ್ದರೂ ಇಷ್ಟು ನಾಜೂಕಿನ ಕೈಕೆಲಸವನ್ನು ಅವನು ಕಂಡಿರಲಿಲ್ಲ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ದುರ್ಗಿಗುಡಿಗೆ ಹೋಗುವುದು ಅವನಿಗೆ ರೂಢಿಯಾಯಿತು. ಮೂರ್ತಿಗಳ ಹೆಂಡತಿ ಪ್ರೇಮಮ್ಮ ಕೋಳಿ ಪುಕ್ಕವನ್ನು ಮನೆಯೊಳಗೆ ತರಗೊಡುತ್ತಿರಲಿಲ್ಲ. ಬಾವಿಕಟ್ಟೆಯ ಪಕ್ಕದ ಕಲ್ಲುಬೆಂಚೇ ಪಾಠಶಾಲೆ. "ಕೈ ತೊಳ್ಕೊಂಡ್ರೆ ಕಾಫಿ, ಇಲ್ಲದಿದ್ರೆ ಇಲ್ಲ" ಎಂದು ಆಕೆ ಒಳಗಿನಿಂದಲೇ ಹೇಳುವರು. ಗುರುಶಿಷ್ಯರಿಬ್ಬರೂ ಹೆದರಿದ ಮಕ್ಕಳಂತೆ ಬಾವಿ ನೀರಿನಲ್ಲಿ ಕೈ ತೊಳೆಯುವರು.

ಕೊಕ್ಕೆಯನ್ನು ಅಲುಗಾಡದಂತೆ ಕಚ್ಚಿ ಹಿಡಿಯುವ ಪುಟ್ಟ ವೈಸನ್ನು ಚೌಡಯ್ಯ ತಾನೇ ಅರದಲ್ಲಿ ಉಜ್ಜಿ ಮಾಡಿಕೊಂಡ. ಅದನ್ನು ಕಂಡು ಮೂರ್ತಿಗಳು ತಮ್ಮ ವಿಲಾಯತಿ ವೈಸನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರು. ದಾರದ ಉರುಳೆಯನ್ನು ನೇತುಹಾಕುವ ಹಿಡಿ, ಗರಿಯ ತುದಿ ಹಿಡಿದು ಸುತ್ತುವ ಚಿಕ್ಕ ಚಿಮಟ, ದಾರಕ್ಕೆ ಸವರುವ ಜೇನುಮೇಣ, ಮೈಗೆ ನವಿಲುಗರಿಯ ಎಳೆ, ಅದರ ಮೇಲೆ ಸುತ್ತಲು ದರ್ಜಿಯಿಂದ ಬೇಡಿ ತಂದ ಜರಿಯ ತುಂಡು, ಇಷ್ಟೇ ಸಾಮಾನು. ಆದರೆ ಕಬ್ಬಿಣ ಪಳಗಿಸಿದ ಕೈಗೆ ದಾರ ಪಳಗಲಿಲ್ಲ. ಬಿಗಿದರೆ ತುಂಡಾಗುವುದು, ಸಡಿಲ ಬಿಟ್ಟರೆ ಗರಿ ಗಿರ್ರನೆ ತಿರುಗುವುದು. ಎಲ್ಲ ಸರಿಹೋಯಿತು ಎನ್ನುವಾಗ ಕೊಕ್ಕೆಯ ಕಣ್ಣಿನ ತನಕ ದಾರ ಸುತ್ತಿ, ಗಂಟು ಹಾಕಲು ಜಾಗವೇ ಇಲ್ಲದಂತೆ ಮಾಡಿಕೊಳ್ಳುವನು.

"ಅಲ್ಲಯ್ಯ, ಮನೆ ಕಟ್ಟಿ ಬಾಗಿಲಿಡೋದು ಮರೆತ ಹಾಗಾಯ್ತು. ತಲೆಗೆ ಜಾಗ ಬಿಡು."

ಒಂದು ವರ್ಷ ಕಳೆಯುವಷ್ಟರಲ್ಲಿ ತಲೆಗೆ ಜಾಗ ಬಿಡುವುದನ್ನೂ ಕೊನೆಯ ಗಂಟನ್ನೂ ಚೌಡಯ್ಯ ಕಲಿತ. ಆದರೂ ಅವನ ಹುಳ ನೀರಿಗೆ ಬಿದ್ದೊಡನೆ ತೋಯ್ದು ಮುಳುಗುತ್ತಿತ್ತು. ದೋಷ ಗರಿಯದು. ಅಂಗಡಿಯ ಎಳೆಯ ಕೋಳಿಗಳ ಪುಕ್ಕ ಹತ್ತಿಯಷ್ಟು ಮೆದು. ಬಲಿತ ಹುಂಜದ ಕುತ್ತಿಗೆಯ ಗರಿಯಾದರೆ ಅದರ ಎಳೆಗಳು ಸೆಟೆದು ನಿಲ್ಲುತ್ತವೆ, ಹುಳವನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತವೆ. "ಮೂರು ವರ್ಷದ ಹುಂಜ ಬೇಕು. ಅಷ್ಟು ವರ್ಷ ಯಾರು ಉಳಿಸ್ತಾರೆ ಹೇಳು?" ಎಂದು ಮೂರ್ತಿಗಳು ನಿಟ್ಟುಸಿರುಬಿಟ್ಟರು.

ಅಂಥದೊಂದು ಹುಂಜ ಎಲ್ಲಿದೆಯೆಂದು ಚೌಡಯ್ಯನಿಗೆ ಗೊತ್ತಿತ್ತು. ಹೊಳಲೂರಿಗೆ ಕೊಟ್ಟಿದ್ದ ಅವನ ಅಕ್ಕ ಈಶ್ವರಮ್ಮನ ಮನೆಯಲ್ಲಿ. ತನ್ನ ಮಗಳು ಮೈತ್ರಿ ಕಾಮಾಲೆಯಿಂದ ಎದ್ದು ಕೂತರೆ ಚೌಡಮ್ಮನಿಗೆ ಒಪ್ಪಿಸುತ್ತೇನೆಂದು ಅಕ್ಕ ಹರಕೆ ಹೊತ್ತು ಬಿಟ್ಟಿದ್ದ ಕೆಂಪು ಹುಂಜ ಅದು. ಮಗು ಎದ್ದಿತು. ಮನೆಯಲ್ಲಿ ಒಂದರ ಹಿಂದೊಂದು ಸೂತಕ ಬಂದು ಹರಕೆ ಮಾತ್ರ ಮುಂದೆ ಹೋಗುತ್ತಲೇ ಇತ್ತು, ಹುಂಜ ಬಲಿಯುತ್ತಲೇ ಇತ್ತು.

ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವನು ಹೊಳಲೂರಿಗೆ ಹೋದ. ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾಗಿದ್ದರು. ಹಿತ್ತಲ ಗೂಡಿನ ಬಳಿ ಹುಂಜ ಮಣ್ಣು ಕೆದಕುತ್ತಿತ್ತು. ಹಿಡಿದು ಕಂಕುಳಲ್ಲಿ ಅವುಚಿಕೊಂಡು ಹನ್ನೆರಡು ಗರಿ ಕಿತ್ತ. ಕಿತ್ತರೆ ಮತ್ತೆ ಬರುತ್ತದೆ, ಅದರಲ್ಲೇನು ಎಂದುಕೊಂಡ. ಗರಿಗಳನ್ನು ಪೇಪರಿನಲ್ಲಿ ಸುತ್ತಿ ಚೀಲದೊಳಗಿಟ್ಟು, ಬಂದು ಜಗಲಿಯ ಮೇಲೆ ಮಲಗಿದ.

ಸಂಜೆ ಗೂಡು ಮುಚ್ಚಲು ಹುಲಿಗೆಮ್ಮ ಬಂದಳು. ನಾಲೆ ಕೆಲಸದವರ ಜೊತೆ ಬಂದು ಊರಲ್ಲೇ ನಿಂತವಳು. ಆ ಮನೆಯ ಕೊಟ್ಟಿಗೆ, ಕೋಳಿ ನೋಡಿಕೊಂಡು ಎಂಟು ವರ್ಷವಾಗಿತ್ತು. ಹುಂಜವನ್ನು ಎತ್ತಿದವಳೇ ಕೂಗಿ ಕರೆದಳು.

"ಅಮ್ಮಾರೆ, ಬನ್ರಿ ಇಲ್ಲಿ. ಹುಂಜದ ಕುತ್ತಿಗೆ ನೋಡ್ರಿ, ಯಾರೋ ಪುಕ್ಕ ಕಿತ್ತಾರ."

ಈಶ್ವರಮ್ಮನ ಅತ್ತೆ ಶೇಷಮ್ಮ ಬಂದು ನೋಡಿದರು. "ಇದು ಮಾಟ. ದೇವರ ಹುಂಜದ ಕುತ್ತಿಗೆ ಪುಕ್ಕ ಬೇರೆ ಯಾತಕ್ಕೆ ಬೇಕು? ಊನ ಆದದ್ದನ್ನ ಇನ್ನು ಅಮ್ಮನ ಮುಂದೆ ಇಡೋ ಹಾಗೂ ಇಲ್ಲ. ಮಗುವಿನ ಮೇಲೆ ಯಾರದೋ ಕಣ್ಣಿದೆ."

ಚೌಡಯ್ಯನ ಕೈಯಲ್ಲಿ ಕಾಫಿ ಲೋಟ ಇತ್ತು. ಮಾಟವೆಂಬ ಮಾತು ಅವನ ಎಣಿಕೆಯಲ್ಲೇ ಇರಲಿಲ್ಲ.

"ಗೂಡಿಗೆ ಕೈ ಹಾಕೋಳು ಇವಳೊಬ್ಬಳೇ" ಎಂದರು ಶೇಷಮ್ಮ.

"ನಾನ್ಯಾಕ ಕೀಳ್ಲಿ ದೊಡ್ಡಮ್ಮಾರೆ? ನಾನೇ ಕರೆದು ತೋರಿಸ್ಲಿಲ್ಲೇನ್ರಿ?"

"ತೋರಿಸಿದ್ರೆ ನಂಬ್ತಾರೆ ಅಂತ ತೋರಿಸಿದೀಯ."

ಈಶ್ವರಮ್ಮ ತಮ್ಮನ ಕಡೆ ತಿರುಗಿದಳು. "ಚೌಡ, ಮಧ್ಯಾಹ್ನ ನೀನು ಹಿತ್ತಲ ಕಡೆ ಹೋಗಿದ್ದೆಯಲ್ಲ. ಯಾರನ್ನಾದ್ರೂ ನೋಡಿದ್ಯೇನೋ?"

ಹೇಳಲು ಅದೇ ಹೊತ್ತು. ಆದರೆ ಹೇಳಿದರೆ, ತವರಿನವನು ಬಂದು ದೇವರ ಹುಂಜಕ್ಕೆ ಕೈ ಹಾಕಿದನೆಂದು ಶೇಷಮ್ಮ ಅಕ್ಕನನ್ನು ಬಾಳೆಲ್ಲ ಆಡಿಕೊಳ್ಳುವರು. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ. ಹುಲಿಗೆಮ್ಮನೂ ಅವನನ್ನೇ ನೋಡುತ್ತಿದ್ದಳು.

"ಇಲ್ಲಕ್ಕ" ಎಂದ.

ಹುಲಿಗೆಮ್ಮ ಹುಂಜವನ್ನು ಗೂಡಿಗೆ ಬಿಟ್ಟು, ಬಾಗಿಲು ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು. ಮಾಟಗಾತಿಯೆಂಬ ಮಾತು ಅವಳಿಗಿಂತ ಮೊದಲೇ ಊರಿನ ಮನೆಮನೆ ತಲುಪಿತ್ತು. ಯಾರೂ ಕೆಲಸಕ್ಕೆ ಕರೆಯಲಿಲ್ಲ. ತಿಂಗಳೊಳಗೆ ಅವಳು ಊರು ಬಿಟ್ಟಳು.

ಮುಂದಿನ ಸಲ ದುರ್ಗಿಗುಡಿಯಲ್ಲಿ ಚೌಡಯ್ಯ ಆ ಗರಿಯಿಂದ ಹುಳ ಕಟ್ಟಿದ. ಚಿಮಟದಲ್ಲಿ ತುದಿ ಹಿಡಿದು ಒಂದರ ಮುಂದೊಂದು ಐದು ಸುತ್ತು. ಎಳೆಗಳೆಲ್ಲ ಸೂರ್ಯನ ಕಿರಣದಂತೆ ಸೆಟೆದು ನಿಂತವು. ಮೂರ್ತಿಗಳು ಬೋಗುಣಿಯ ನೀರಿಗೆ ಹಾಕಿದರು. ತೇಲಿತು.

"ಇವತ್ತು ಕಲಿತೆ ನೋಡು ಮಾರಾಯ. ನನಗಿಂತ ಚೆನ್ನಾಗಿ ಕಟ್ಟಿದೀಯ. ಗರಿ ಎಲ್ಲಿ ಸಿಕ್ತು?"

"ಸಂತೇಲಿ, ಸಾರ್."

ಎರಡು ವರ್ಷದಿಂದ ಯಾವ ಮಾತಿಗಾಗಿ ಬಸ್ಸಿನಲ್ಲಿ ಓಡಾಡಿದ್ದನೋ ಆ ಮಾತು ಕಿವಿಗೆ ಬಿದ್ದಾಗ ಅವನಿಗೆ ಅಲ್ಲಿಂದ ಎದ್ದು ಹೋದರೆ ಸಾಕೆನಿಸಿತು. ಮತ್ತೆ ಅವನು ದುರ್ಗಿಗುಡಿಗೆ ಹೋಗಲಿಲ್ಲ. ಮೂರ್ತಿಗಳು ಕಾರ್ಡು ಬರೆದರು: "ವಿದ್ಯೆ ಕೈಗೆ ಹತ್ತಿದ ಮೇಲೆ ಬಿಡುವುದುಂಟೆ? ಪ್ರೇಮಮ್ಮನೂ ಕೇಳುತ್ತಿದ್ದಾಳೆ." ಅದಕ್ಕೆ ಉತ್ತರ ಬರೆಯಲಿಲ್ಲ. ಆ ಕೈ ಮತ್ತೆ ಗರಿ ಮುಟ್ಟಲಿಲ್ಲ.

ಮರುವರ್ಷ ಭದ್ರಾವತಿಯ ಮಾರ್ಕೆಟ್ಟಿನಲ್ಲಿ ಹುಲಿಗೆಮ್ಮ ಸೊಪ್ಪು ಮಾರುತ್ತ ಕೂತಿದ್ದುದನ್ನು ಕಂಡ. ಅಂದಿನಿಂದ ಕಾರ್ಖಾನೆ ಬಿಟ್ಟು ಬರುವಾಗ ಹಿಂದಿನ ಗಲ್ಲಿಯಲ್ಲಿ ಸುತ್ತಿ ಮನೆ ಸೇರತೊಡಗಿದ. "ಇಷ್ಟು ಹೊತ್ತು ಎಲ್ಲಿದ್ರಿ?" ಎಂದು ನಂಜಮ್ಮ ಕೇಳುವಳು. ಅವಳ ಚೀಲದಲ್ಲಿ ಹುಲಿಗೆಮ್ಮನ ಹತ್ತಿರವೇ ಕೊಂಡ ಹರಿವೆ ಸೊಪ್ಪು ಇರುತ್ತಿತ್ತು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಳ್ಳುತ್ತ ಆರು ವರ್ಷ ಸುತ್ತುದಾರಿ ನಡೆದ.

ಎರಡು ಸಾವಿರದ ಮೂರರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡ. ಸುತ್ತುದಾರಿಗೆ ಇನ್ನು ನೆಪ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಹುಲಿಗೆಮ್ಮ ಸಬ್ಬಸಿಗೆ ಸೊಪ್ಪಿನ ಕಟ್ಟು ಕಟ್ಟುತ್ತಲೇ ಕೇಳಿಸಿಕೊಂಡಳು.

"ಮೀನು ಹಿಡಿಯಾಕ?" ಎಂದು ಕೇಳಿದಳು.

"ಹೂಂ."

"ನನಗ ಹೇಳಿದ್ರ ಏನು ಬಂತು ಅಣ್ಣಾರೆ? ನಾನು ಕಿತ್ತಿಲ್ಲ ಅಂತ ನನಗ ಗೊತ್ತೈತಿ. ಹೊಳಲೂರಾಗ ಹೇಳ್ರಿ."

ಅದೇ ದಿನ ಹೊಳಲೂರಿಗೆ ಹೋದ. ಶೇಷಮ್ಮ ತೀರಿಕೊಂಡು ವರ್ಷವಾಗಿತ್ತು. ಅಕ್ಕನ ಎದುರು, ನೆರೆಯವರ ಎದುರು ತಲೆ ತಗ್ಗಿಸಿ ಹೇಳಿದ. ಈಶ್ವರಮ್ಮ ಎದ್ದು ಸೀರೆ ಬದಲಿಸಿ ಬಂದಳು. "ನಡಿ, ಅವಳಿರೋ ಜಾಗ ತೋರಿಸು."

ಮಾರ್ಕೆಟ್ಟಿನಲ್ಲಿ ಈಶ್ವರಮ್ಮ ಹುಲಿಗೆಮ್ಮನ ಎರಡೂ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೇ. ಬಾ, ನಮ್ಮ ಜೊತೆಗೇ ಬಂದು ಇದ್ದುಬಿಡು."

"ಸಿಟ್ಟಿಲ್ಲ ಅಮ್ಮಾರೆ" ಎಂದಳು ಹುಲಿಗೆಮ್ಮ. "ಆದ್ರ ಆ ಅಂಗಳಕ್ಕ ಕಾಲು ಬರೂದಿಲ್ಲ. ಈ ಅಣ್ಣಾರಾದ್ರ ಹೊರಗಿನೋರು. ಎಂಟು ವರ್ಷ ನನ್ನ ಕೈ ನೋಡಿದೋರು ನೀವು." ಎರಡು ಕಟ್ಟು ಮೆಂತ್ಯ ಸೊಪ್ಪನ್ನು ಈಶ್ವರಮ್ಮನ ಚೀಲಕ್ಕೆ ಹಾಕಿದಳು. "ಮೈತ್ರಿಗೆ ಇಷ್ಟ. ಒಯ್ರಿ."

ಬಸ್‌ಸ್ಟ್ಯಾಂಡಿನವರೆಗೆ ಅಕ್ಕ ತಮ್ಮ ನಡೆದೇ ಬಂದರು. ಶಿವಮೊಗ್ಗದ ಬಸ್ಸಿಗೆ ಕಾಯುತ್ತ ನಿಂತಾಗ ಈಶ್ವರಮ್ಮ ಕೇಳಿದಳು: "ಅವತ್ತೇ ಹೇಳಿದ್ರೆ ಅತ್ತೆ ಏನು ಮಾಡ್ತಿದ್ರೋ? ನಾಲ್ಕು ಮಾತು ಬೈತಿದ್ರು. ನಾನು ಅನ್ನಿಸ್ಕೊಳ್ತಿದ್ದೆ. ಅಷ್ಟೇ ಅಲ್ವೇನೋ?"

ಬಸ್ಸು ಬಂತು. ಈಶ್ವರಮ್ಮ ಹತ್ತಿ ಕಿಟಕಿಯ ಪಕ್ಕ ಕೂತು, ಸೊಪ್ಪಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಬಸ್ಸು ಹೊರಡುವ ತನಕ ಅವನು ಕಿಟಕಿಯ ಕೆಳಗೇ ನಿಂತಿದ್ದ. ಅವಳು ಇತ್ತ ತಿರುಗಲಿಲ್ಲ.