ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮಲಗಿದ್ದ ಅಭಿಯಾನಗಳು

ಸಭಿಕ ಮಹಾಶಯರೇ, ಇವತ್ತು ಯಲಬುರ್ಗಾದ ನಮ್ಮ ಕಚೇರಿಯಲ್ಲಿ ಜಗತ್ತನ್ನೇ ಉದ್ಧರಿಸುವ ಸಭೆ ನಡೆಯಿತು. ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ನಮ್ಮ ಕಾಣಿಕೆ ಏನು ಎಂದು ಸಾಹೇಬರು ಕೇಳಿದರು. ವಾಡಿಕೆಯಂತೆ ಎಲ್ಲರೂ ಸಸಿ ನೆಡೋಣ ಎಂದೆವು, ನಾನು ಎಲ್ಲರಿಗಿಂತ ಗಟ್ಟಿಯಾಗಿ.

ಆಗ ಟೈಪಿಸ್ಟ್ ಶಾಹಿದಾ ಮೇಡಂ ಎದ್ದು ನಿಂತರು. "ಸರ್, ಸಸಿ ನಾಳೆ ನೆಡೂಣಂತ್ರಿ. ಮೊದಲ ಹೆಣ್ಮಕ್ಕಳ ಶೌಚಾಲಯದ ಕೀಲಿ ತೆಗಸ್ರಿ. ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ಹೋಗಿ ಸಾಕಾಗೈತಿ."

ಸಾಹೇಬರು ಬೆಚ್ಚಿದರು. "ಯಾಕ, ನಮ್ಮಲ್ಲೇ ಒಂದು ಐತಲ್ಲ?"

"ಐತ್ರಿ. ಒಳಗ ಕಾಲಿಡಾಕ ಜಾಗಾ ಇಲ್ರಿ."

ಸಿಪಾಯಿ ಬಸಣ್ಣ ಬೀಗ ತೆಗೆದ. ನಾಟಕದ ತೆರೆ ಸರಿದಂತೆ ಬಾಗಿಲು ಸರಿಯಿತು, ಹಳೆಯ ಫ್ಲೆಕ್ಸುಗಳು ದಬದಬ ಹೊರಗೆ ಉರುಳಿದವು. ಸ್ವಚ್ಛತೆ, ಆರೋಗ್ಯ, ಮಹಿಳಾ ಸಮಾನತೆ, ಮುಗಿದ ಅಭಿಯಾನಗಳೆಲ್ಲ ಅಲ್ಲೇ ಮಲಗಿದ್ದವು. ಸಭೆ ಬಿಟ್ಟು ಎಲ್ಲರೂ ಅವನ್ನು ಹೊತ್ತು ಹೊರಗಿಟ್ಟೆವು, ಶೌಚಾಲಯ ತೊಳೆದೆವು. ನಲ್ಲಿ ತಿರುಗಿಸಿದರೆ ನೀರೂ ಬಂತು. ಕೀಲಿಕೈ ಮೇಡಂ ಅವರ ಕೈಚೀಲ ಸೇರಿತು.

"ಈ ಫ್ಲೆಕ್ಸ್ ಈಗ ಎಲ್ಲಿ ಇಡ್ಲಿರಿ?" ಎಂದ ಬಸಣ್ಣ.

"ಸಾಹೇಬ್ರ ಬಾತ್‌ರೂಮು ಭಾಳ ದೊಡ್ಡದೈತಿ ಬಸಣ್ಣಾ," ಎಂದರು ಮೇಡಂ.

ಸಾಹೇಬರು ಎಲ್ಲರ ಜೊತೆ ಜೋರಾಗಿಯೇ ನಕ್ಕರು. ನಗುತ್ತಲೇ ಹೋಗಿ ತಮ್ಮ ಬಾತ್‌ರೂಮಿಗೆ ಬೀಗ ಹಾಕಿ ಬಂದರು.