ಕೆಂಪಗೆ ಕಾಯಿಸಿದ ಕಂಬ

ಚರ್ಚಾಸ್ಪರ್ಧೆಗಳಲ್ಲಿ ಗೆದ್ದದ್ದೆಲ್ಲ ಮರೆತುಹೋಗಿದೆ. ಚಿಕ್ಕೋಡಿಯ ಗ್ಯಾರೇಜಿನಲ್ಲಿ ಗೆದ್ದ ವಾದವೊಂದು ಮಾತ್ರ ಮರೆಯುತ್ತಿಲ್ಲ.

ಆಗ ನಾನು ಕಾಲೇಜಿನಲ್ಲಿದ್ದೆ. ಕಬ್ಬಿನ ಟ್ರ್ಯಾಲಿ ನಮ್ಮ ಹೊಸ ಕಾರಿನ ಪಕ್ಕೆಗೆ ಗುದ್ದಿ, ಎರಡು ಬಾಗಿಲುಗಳ ನಡುವಿನ ಕಂಬ ಒಳಕ್ಕೆ ಬಾಗಿತ್ತು. ಡೆಂಟಿಂಗ್ ಕೆಲಸದ ಕಾಕಾ ಗ್ಯಾಸ್ ಬತ್ತಿ ಹೊತ್ತಿಸಿದರು. ಎಷ್ಟೋ ವರ್ಷಗಳಿಂದ ಹಳೆ ಜೀಪುಗಳನ್ನು ಕೆಂಪಗೆ ಕಾಯಿಸಿ, ಬಡಿದು ನೆಟ್ಟಗೆ ಮಾಡಿದ ಕೈ ಅದು.

"ಕಾಕಾ, ಕಾಯಿಸಬ್ಯಾಡ್ರಿ," ಎಂದೆ. ಅದು ಹೆಚ್ಚು ಬಲದ ಉಕ್ಕು. ಕಾರ್ಖಾನೆಯಲ್ಲಿ ಕಾಯಿಸಿ, ಅಚ್ಚಿನೊಳಗೇ ಥಟ್ಟನೆ ತಣಿಸಿ ಬಲ ಕೊಟ್ಟಿರುತ್ತಾರೆ. ಮತ್ತೆ ಕಾಯಿಸಿದರೆ ಆ ಬಲ ಹೋಗುತ್ತದೆ, ಕಂಬವನ್ನೇ ಬದಲಿಸಬೇಕು ಎಂದು ಓದಿದ್ದನ್ನೆಲ್ಲ ಒಪ್ಪಿಸಿದೆ.

"ಲೇ ವಕೀಲಾ, ಬಲ ಎಲ್ಲಿಗಿ ಹೋಗತೈತಿ, ನಿಪ್ಪಾಣಿ ಸಂತಿಗೇನು?"

ಸುತ್ತಲಿದ್ದವರು ನಕ್ಕರು. ನನಗೆ ಉರಿಯಿತು. "ನೆಟ್ಟಗ ಕಾಣೂದ ಬ್ಯಾರೆ, ಗಟ್ಟಿ ಇರೂದ ಬ್ಯಾರೆ. ನಿಮ್ಮ ಹತ್ರ ಪುರಾವೆ ಏನೈತ್ರಿ?"

"ಪುಸ್ತಕ ಬಿಡು. ಕಬ್ಬಿಣನ ಕೇಳೂಣು, ಬಾ."

ಮೂಲೆಯಲ್ಲಿ ಅಂಥದೇ ಕಾರಿನ ಗುಜರಿ ಕಂಬವಿತ್ತು. ಅದರಿಂದ ಎರಡು ಪಟ್ಟಿ ಕೊಯ್ದು, ಒಂದನ್ನು ಕೆಂಪಗೆ ಕಾಯಿಸಿ ಆರಲು ಬಿಟ್ಟರು. ಚಹಾ ಕುಡಿದ ಮೇಲೆ ಕಾಯಿಸದ ಪಟ್ಟಿಯನ್ನು ವೈಸ್ ಇಕ್ಕಳಕ್ಕೆ ಬಿಗಿದು, ಪೈಪು ಸಿಕ್ಕಿಸಿ ಇಬ್ಬರೂ ಜಗ್ಗಿದೆವು. ತುಸು ಬಾಗಿ, ಬಿಟ್ಟೊಡನೆ ಚಿಮ್ಮಿ ನೆಟ್ಟಗಾಯಿತು. ಕಾಯಿಸಿದ್ದು ಅವರೊಬ್ಬರ ಕೈಗೇ ಬಾಗಿ, ಹಾಗೇ ಉಳಿಯಿತು.

"ನೋಡ್ರಿ" ಎನ್ನಲು ಬಾಯಿ ತೆರೆದೆ. ಅವರು ನನ್ನತ್ತ ನೋಡುತ್ತಿರಲಿಲ್ಲ.

"ಹ್ವಾದ ತಿಂಗಳ ಅಂಕಲಿ ಊರ ಮಾಸ್ತರ್ ಕಾರಿಗಿ ಹಿಂಗ ಮಾಡೇನಿ," ಎಂದರು. "ಆ ಕಂಬದ ಬಾಜೂಕ ಅವರ ಮಗಳು ಕುಂದರತಾಳ."

"ಮತ್ತ ಅಲ್ಲೇ ಹೊಡತ ಬೀಳತೈತಿ ಅಂತೇನಿಲ್ಲಲ್ರಿ," ಎಂದೆ. ನನ್ನ ವಾದದ ವಿರುದ್ಧ ನಾನೇ ನಿಂತಿದ್ದೆ.

"ಬಿದ್ರ?"

ಕಾಕಾ ಗ್ಯಾಸ್ ಬಂದ್ ಮಾಡಿ ತಮ್ಮ ಬೈಕಿನ ಕೀಲಿ ತೆಗೆದುಕೊಂಡರು. "ಬಸ್ ಝಾಲಾ, ಸಾಕಿನ್ನ. ಮಾಸ್ತರ್ ಕಾರ್ ವಾಪಸ್ ತರೂಣು. ಹೊಸಾ ಕಂಬ ನಾನ ಹಾಕಿ ಕೊಡತೇನಿ."

"ಅವರಿಗೆ ಏನ್ ಹೇಳತೀರಿ?"

"ನನಗ ಗೊತ್ತಿರಲಿಲ್ಲ ಅಂತ." ಆ ಮಾತನ್ನು ಅವರು ಹಿಂದೆಂದೂ ಆಡಿರಲಿಲ್ಲವೇನೋ, ತಡೆದು ತಡೆದು ಬಂತು.

ಬೈಕಿನ ಹಿಂದೆ ಕುಳಿತೆ. ಮಾಸ್ತರರ ಮನೆಯ ಮುಂದೆ ಇಳಿದಾಗ ಕಾಕಾ ಬಾಗಿದ ಪಟ್ಟಿಯನ್ನು ನನ್ನ ಕೈಗಿಟ್ಟರು.

"ಹೇಳೂದು ನಾ ಹೇಳತೇನಿ. ಇದನ್ನ ನೀ ತೋರಸು."