ಕಪ್ಪು ಕೈಯ ರಾಜ

ಸಂಜೆ ಅಡುಗೆಮನೆ ಕಿಟಕಿ ತೆಗೆದರೆ ಹನಗೋಡಿನ ಕಡೆಯಿಂದ ಹೊಗೆಸೊಪ್ಪು ಬೇಯುವ ವಾಸನೆ ಬಂತು. ಹಳೇ ಬೆಲ್ಲಕ್ಕೆ ಒದ್ದೆ ಹುಲ್ಲು ಬೆರೆಸಿದಂಥ ವಾಸನೆ. ಮಡಚಿಟ್ಟ ಬಟ್ಟೆಗೂ ಹಿಡಿಯುತ್ತದೆಂದು ನಾನು ಕಿಟಕಿ ಹಾಕಿಬಿಡುವುದು ವಾಡಿಕೆ. ಅಷ್ಟರಲ್ಲಿ ಮಗಳು ಅಂದಳು: "ಅಮ್ಮ, ಸ್ಕೂಲ್ ನಾಟಕಕ್ಕೆ ಐದೇ ಜನ ಹೆಸರು ಕೊಟ್ಟಿರೋದು. ನಾನಂತೂ ಕೊಡಲ್ಲಪ್ಪ, ಮರದ ಪಾರ್ಟು ಕೊಟ್ಟುಬಿಡ್ತಾರೆ."

ಮರದ ಪಾರ್ಟಿನ ವಿಷಯ ನನಗೆ ಹೇಳಬೇಕೆ? ನಮ್ಮ ಕಾನ್ವೆಂಟಿನ ನಾಟಕಕ್ಕೆ ನಾಲ್ಕೇ ಹುಡುಗಿಯರು ಬಂದ ವರ್ಷವೂ ಮರವಾದವಳು ನಾನು. "ನಿನಗೆ ನಿಲ್ಲೋಕೆ ಚೆನ್ನಾಗಿ ಬರುತ್ತೆ" ಎಂದಿದ್ದರು ನಾಟಕ ಆಡಿಸುವ ಸಿಸ್ಟರ್. ಹೊಗಳಿಕೆಯೆಂದೇ ಮನೆಗೆ ಹೋಗಿ ಹೇಳಿದ್ದೆ.

ಬಾರದವರ ತಪ್ಪೇನಿರಲಿಲ್ಲ. ಅದು ಸೊಪ್ಪಿನ ಕಾಲ. ಶಾಲೆ ಬಿಟ್ಟ ಕೂಡಲೇ ಸೊಪ್ಪು ಬೇಯಿಸುವ ಗೂಡು, ಬ್ಯಾರನ್ನಿನ ಮುಂದೆ ಕೂತು, ಒಳಗೆ ತೂಗುಹಾಕುವ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಬೇಕಿತ್ತು. ಸಿಸ್ಟರಿಗೆ ರಾಜನಾಗಿ ಬೇಕಾಗಿದ್ದವಳು ನಮ್ಮ ತರಗತಿಯ ಜಯ. ಅವಳು ಬಾಯಿಬಿಟ್ಟರೆ ಕೊನೇ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ಅವಳಿಗೂ ಆಸೆಯೇ. ಊಟದ ಹೊತ್ತಿನಲ್ಲಿ ಟಿಫಿನ್ ಮುಚ್ಚಳ ತಲೆ ಮೇಲಿಟ್ಟುಕೊಂಡು ಗಂಭೀರವಾಗಿ ನಡೆಯುತ್ತಿದ್ದಳು. ರಾಜನಿಲ್ಲದೆ ನಾಟಕವಿಲ್ಲ. ಸಿಸ್ಟರ್ ನಮ್ಮನ್ನೂ ಕರೆದುಕೊಂಡು ಅವಳ ಮನೆಗೇ ಹೋದರು.

"ಎಲೆ ಕಾಯಾಕಿಲ್ಲ ಕಣ್ರೀ ಸಿಸ್ಟರು. ಇವ್ಳು ಬಂದ್ರೆ ಕಟ್ಟೋರ್ಯಾರು?" ಎಂದರು ಜಯಳ ಅವ್ವ.

"ನಾನು ಕಟ್ತೀನಿ" ಎಂದು ಸಿಸ್ಟರ್ ಬಿಳಿ ನಿಲುವಂಗಿ ಮುದುರಿಕೊಂಡು ಕೂತೇಬಿಟ್ಟರು. ಅವರು ಕಟ್ಟಿದ ಕಡ್ಡಿಯನ್ನು ಅವ್ವ ಎತ್ತಿ ಅಲುಗಿಸಿದರೆ, ಅರ್ಧ ಎಲೆ ಸಿಸ್ಟರ ಮಡಿಲಿಗೇ ಉದುರಿತು.

"ಬುಡಿ ತಾಯಿ! ಇದು ಒಳಗೆ ಬಿಸಿ ಪೈಪಿನ ಮ್ಯಾಲೆ ಬಿದ್ರೆ ಬ್ಯಾರನ್ನೇ ಉರ್ದೋಯ್ತದೆ. ನೀವು ಇನ್ನೊಂದು ಕಡ್ಡಿ ಮುಟ್ಟೋಕ್ಮುಂಚೆ ಇವ್ಳನ್ನ ಕರ್ಕೊಂಡೋಗಿ."

ಜಯಳಿಗೆ ಕಿರೀಟವೇನೋ ಸಿಕ್ಕಿತು. ನಾಟಕದ ದಿನ ಬೆಳಿಗ್ಗೆಯೂ ಸೊಪ್ಪು ಕಟ್ಟಿಯೇ ಬಂದಿದ್ದಳು. ಎಲೆಯ ಅಂಟು ಹತ್ತಿ ಕೈ ಕಪ್ಪಾಗಿತ್ತು; ಅದು ಸೋಪಿಗೆ ಹೋಗುವಂಥದ್ದಲ್ಲ. ಅಪ್ಪಣೆ ಕೊಡಲು ಕೈ ಎತ್ತಿದ್ದೇ ತಡ, ಸಭೆಯಿಂದ ಯಾರೋ ಕೂಗಿದರು:

"ರಾಜಾನೂ ಸೊಪ್ಪು ಕಟ್ಟವ್ನೆ ಕಣ್ಲಾ!"

ಎಲ್ಲರೂ ನಕ್ಕರು. ಜಯಳ ಕೈ ಗಾಳಿಯಲ್ಲೇ ನಿಂತಿತು. ಮಾತು ಮರೆತಳು, ಇನ್ನೇನು ಅಳುತ್ತಾಳೆ ಎಂದುಕೊಂಡೆ.

"ಊಂ ಕಣಯ್ಯ, ಕಟ್ಟಿವ್ನಿ!" ಎಂದು ಗುಡುಗಿದಳು. "ಮಂತ್ರೀ, ನಿನ್ ಕೈನೂ ತೋರ್ಸು!"

ಮಂತ್ರಿಯಾಗಿದ್ದ ಹುಡುಗಿ ತೋರಿಸಿದಳು. ಅದೂ ಕಪ್ಪೇ. ಈಗಿನ ನಗು ಬೇರೆಯಾಗಿತ್ತು.

ಹಿಂದಿನ ಗೋಡೆಗೆ ಒರಗಿ ಜಯಳ ಅವ್ವ ನಿಂತಿದ್ದರು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ನಿಧಾನಕ್ಕೆ ಎರಡನ್ನೂ ಹೊರತೆಗೆದು ಚಪ್ಪಾಳೆ ತಟ್ಟಿದರು. ಜನರೆಲ್ಲ ರಾಜನನ್ನು ನೋಡುತ್ತಿದ್ದರು. ರಂಗದ ಮೇಲೆ ಮಾತಿಲ್ಲದ ಮರವಾಗಿ ನಿಂತಿದ್ದವಳು ನಾನೊಬ್ಬಳೇ; ನನಗೆ ಕಂಡಿತು.

"ಹೆಸರು ಕೊಡು ಕಣೇ," ಎಂದೆ ಮಗಳಿಗೆ. "ಮರ ಆದ್ರೆ ಆಗು. ಅಲ್ಲಿಂದ ಚೆನ್ನಾಗಿ ಕಾಣುತ್ತೆ."

ಕಿಟಕಿ ಹಾಕಲು ಹೋದವಳು ಹಾಗೇ ತೆರೆದಿಟ್ಟು ಬಂದೆ.